ಮಂಡಿಗೆ ‘ಆಂಜಿಯೋ’ ಮಾಡಿಸಿಕೊಂಡ ಮೇಲೆ

ದೊಡ್ಡಮ್ಮನ ಮಂಡಿಗೆ ಚಿಕಿತ್ಸೆಯಾದ ಮೂರನೇ ದಿನ ಫೋನ್ ಬಂತು. “ಏನೋ ಇದು? ನೋವು ಇದ್ದ ಹಾಗೇ ಇದೆ. ಮಂಡಿ ಮೇಲೆ ಒಂದು ಗೀರೂ ಇಲ್ಲ. ತೊಡೆಸಂದೀಲಿ ಒಂದು ತೂತು ಮಾಡಿ ಕಳಿಸಿದ್ದಾರೆ. ನಿಜವಾಗ್ಲೂ ಮಂಡಿಗೆ ಏನಾದ್ರೂ ಮಾಡಿದಾರಾ?”

ನಗು ಬಂತು. ಆದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಚಿಕಿತ್ಸೆಗೆ ಮುಂಚೆ ಏನೇನು ಮಾಡುತ್ತಾರೆ ಅಂತ ಎಲ್ಲರೂ ಹೇಳಿದ್ದರು. ಆಮೇಲೆ ಯಾವ ವಾರ ಏನಾಗುತ್ತದೆ ಅಂತ ಕೂತು ಹೇಳಿದವರು ಕಡಿಮೆ.

ಅವರಿಗೆ ಮಾಡಿದ್ದು ಜೆನಿಕ್ಯುಲರ್ ಆರ್ಟರಿ ಎಂಬೊಲೈಸೇಷನ್. ಡಾಕ್ಟರುಗಳು ಚಿಕ್ಕದಾಗಿ ಜಿಎಇ ಅನ್ನುತ್ತಾರೆ. ಹೆಸರು ಉದ್ದ, ಅರ್ಥ ಸರಳ. ಲ್ಯಾಟಿನ್‌ನಲ್ಲಿ ‘ಗೆನು’ ಅಂದರೆ ಮಂಡಿ. ಮಂಡಿಗೆ ರಕ್ತ ತರುವ ಸಣ್ಣ ನಾಳಗಳಲ್ಲಿ ಬೇಡದ ಕೆಲವನ್ನು ಒಳಗಿನಿಂದಲೇ ಮುಚ್ಚುವುದು, ಅಷ್ಟೆ. ದೊಡ್ಡಮ್ಮ ಮಾತ್ರ ಬೀದಿಯವರಿಗೆಲ್ಲ “ಮಂಡಿಗೆ ಆಂಜಿಯೋ ಆಯ್ತು” ಅಂತಲೇ ಹೇಳಿಕೊಂಡು ಬಂದರು. ಅದೇನೂ ಪೂರ್ತಿ ತಪ್ಪಲ್ಲ. ಹೃದಯದ ಆಂಜಿಯೋ ನಡೆಯುವಂಥ ಕೋಣೆಯಲ್ಲೇ, ಅದೇ ತರಹದ ಎಕ್ಸ್‌ರೇ ಯಂತ್ರದ ಕೆಳಗೆ ಇದೂ ನಡೆಯುತ್ತದೆ. ಅಲ್ಲಿ ಕಟ್ಟಿಕೊಂಡದ್ದನ್ನು ಬಿಡಿಸುತ್ತಾರೆ, ಇಲ್ಲಿ ಹರಿಯುತ್ತಿರುವುದನ್ನು ಕಟ್ಟುತ್ತಾರೆ.

ಇದಾದ ಮೇಲೆ ಒಂದೇ ಕಾಲಿನಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ. ತೊಡೆಸಂದಿಯ ತೂತು ಮುಚ್ಚಬೇಕು. ಅದಕ್ಕೆ ಒಂದು ವಾರ ಸಾಕು. ಮಂಡಿಯೊಳಗಿನ ಉರಿಯೂತ ಇಳಿಯಬೇಕು. ಅದಕ್ಕೆ ಒಂದೂವರೆ ತಿಂಗಳಿಂದ ಮೂರು ತಿಂಗಳು ಹಿಡಿಯುತ್ತದೆ. ವರ್ಷಗಟ್ಟಲೆ ನೋವಿನಿಂದ ಸೋತುಹೋದ ತೊಡೆಯ ಸ್ನಾಯು ಮತ್ತೆ ಬಲ ಪಡೆಯಬೇಕು. ಇದಕ್ಕೆ ಎಷ್ಟು ದಿನ ಅಂತ ಯಾರೂ ಹೇಳಲಾರರು, ಏಕೆಂದರೆ ಅದು ತಾನಾಗಿ ಆಗುವುದಿಲ್ಲ. ಜನ ಎಡವುವುದು ಇಲ್ಲೇ. ಮೊದಲನೆಯದು ವಾಸಿಯಾದ ಕೂಡಲೇ ಎಲ್ಲ ವಾಸಿಯಾಯ್ತು ಅಂದುಕೊಳ್ಳುತ್ತಾರೆ. ಇಲ್ಲವೇ ಎರಡನೆಯದು ನಿಧಾನವಾಯ್ತು ಅಂತ ಬೇಸತ್ತು ಮೂರನೆಯದನ್ನು ಶುರುವೇ ಮಾಡುವುದಿಲ್ಲ.

ನೋಯುವುದು ಸವೆದದ್ದಲ್ಲ

“ಮಂಡಿ ಸವೆದಿದೆ” ಅನ್ನುತ್ತೇವೆ. ಸವೆಯುವುದು ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೆತ್ತೆ, ಕಾರ್ಟಿಲೇಜ್. ವಿಚಿತ್ರ ಅಂದರೆ ಆ ಮೆತ್ತೆಯಲ್ಲಿ ನರಗಳೇ ಇಲ್ಲ, ರಕ್ತನಾಳವೂ ಇಲ್ಲ. ಅದು ನೋಯಲಾರದು. ನೋಯುವುದು ಅದರ ಕೆಳಗಿನ ಮೂಳೆ, ಕೀಲನ್ನು ಸುತ್ತಿರುವ ಚೀಲ ಮತ್ತು ಆ ಚೀಲದ ಒಳಮೈಯಲ್ಲಿರುವ ತೆಳುವಾದ ಪೊರೆ. ಎಕ್ಸ್‌ರೇಯಲ್ಲಿ ಪೂರಾ ಸವೆದಂತೆ ಕಾಣುವ ಕೆಲವರು ಆರಾಮಾಗಿ ಸಂತೆಗೆ ಹೋಗಿ ಬರುತ್ತಾರೆ. ಸ್ವಲ್ಪವೇ ಸವೆದವರು ರಾತ್ರಿಯಿಡೀ ನರಳುತ್ತಾರೆ. ಅದರ ಒಂದು ಕಾರಣ ಈ ಪೊರೆಯಲ್ಲಿದೆ.

ಪೊರೆಯಲ್ಲಿ ಉರಿಯೂತ ಶುರುವಾದರೆ ಅಲ್ಲಿ ಹೊಸ ಹೊಸ ಎಳೆ ರಕ್ತನಾಳಗಳು ಚಿಗುರುತ್ತವೆ. ಅವುಗಳ ಬೆನ್ನಿಗೇ ನೋವಿನ ಸುದ್ದಿ ಒಯ್ಯುವ ನರದ ಎಳೆಗಳೂ ಬೆಳೆಯುತ್ತವೆ. ಕಾಲುವೆ ನೀರು ಬಂದ ಹೊಲದಲ್ಲಿ ಕಳೆಯೂ ಬರುವ ಹಾಗೆ. ಹೊಸ ನಾಳಗಳು ಉರಿಯೂತದ ಕಣಗಳನ್ನು ಇನ್ನಷ್ಟು ತಂದು ಸುರಿಯುತ್ತವೆ, ಪೊರೆ ಇನ್ನಷ್ಟು ಊದಿಕೊಳ್ಳುತ್ತದೆ. ಈ ಕಾಲುವೆಗೆ ಅಡ್ಡ ಹಾಕಿದರೆ ಕಳೆ ಒಣಗುತ್ತದಲ್ವಾ? ಜಿಎಇ ಹಿಂದಿನ ಯೋಚನೆ ಇಷ್ಟೇ.

ಯೋಚಿಸಿದವರು ಜಪಾನಿನ ವೈದ್ಯ ಯೂಜಿ ಒಕುನೊ. ಮಂಡಿ ಬದಲಿಸಿದ ಮೇಲೆ ಕೀಲಿನೊಳಗೆ ಮತ್ತೆ ಮತ್ತೆ ರಕ್ತ ತುಂಬಿಕೊಳ್ಳುವವರಿಗೆ ನಾಳ ಮುಚ್ಚುವ ಉಪಾಯ ಅದಕ್ಕೂ ಮುಂಚೆಯೇ ಬಳಕೆಯಲ್ಲಿತ್ತು. ಸವೆತದ ನೋವಿಗೆ ಅದನ್ನು ಬಳಸಿ, 14 ಜನರ ಅನುಭವವನ್ನು ಒಕುನೊ ತಂಡ 2015ರಲ್ಲಿ ಪ್ರಕಟಿಸಿತು. ಎರಡು ವರ್ಷದ ನಂತರ 72 ಜನರ 95 ಮಂಡಿಗಳ ವರದಿ ಬಂತು. ಅವರು ಹೆಚ್ಚಾಗಿ ಬಳಸಿದ್ದು ಸರಿಯಾಗಿ ಕರಗದ ಒಂದು ಆಂಟಿಬಯಾಟಿಕ್ ಪುಡಿ. ಅದರ ಹರಳುಗಳು ನಾಳವನ್ನು ಸ್ವಲ್ಪ ಕಾಲ ಮುಚ್ಚಿ ಆಮೇಲೆ ಕರಗಿಹೋಗುತ್ತವೆ. ಬೇರೆ ಕಡೆ ಕರಗದ ಪುಟ್ಟ ಗೋಲಿಗಳನ್ನು ಬಳಸುವುದೂ ಉಂಟು. ಅವುಗಳ ಗಾತ್ರ ಸಾಮಾನ್ಯವಾಗಿ 100ರಿಂದ 300 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಿಂದ ಹತ್ತನೇ ಮೂರು ಭಾಗ.

ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿಂದ ದೊಡ್ಡ ರಕ್ತನಾಳದೊಳಗೆ ಸಣ್ಣ ಕೊಳವೆ ಇಳಿಸುತ್ತಾರೆ, ಅದರೊಳಗೆ ಇನ್ನೂ ಸಣ್ಣದೊಂದು. ಎಕ್ಸ್‌ರೇಯಲ್ಲಿ ನಾಳಗಳನ್ನು ಕಾಣಿಸುವ ದ್ರವ, ಅಂದರೆ ಡೈ, ಬಿಟ್ಟಾಗ ಮಾಮೂಲಿ ನಾಳಗಳು ಗೆರೆಗಳಂತೆ ಕಾಣುತ್ತವೆ. ಹಾಳಾದ ಜಾಗ ಮಾತ್ರ ಮಸಿ ಚೆಲ್ಲಿದ ಮೋಡದಂತೆ ಕಾಣುತ್ತದೆ. ಆ ಮೋಡ ಮಾಯವಾಗುವಷ್ಟೇ ಕಣಗಳನ್ನು ಬಿಡುತ್ತಾರೆ, ಮುಖ್ಯ ನಾಳ ಹರಿಯುತ್ತಲೇ ಇರಬೇಕು. ಒಂದೆರಡು ಗಂಟೆಯ ಕೆಲಸ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಡೈ ಹೋದಾಗ ಕೆಲವರಿಗೆ ಮಂಡಿಯ ಅದೇ ಹಳೇ ಜಾಗ ಬಿಸಿಯಾಗಿ ನೋಯುತ್ತದೆ. ದೊಡ್ಡಮ್ಮ ಆಗ “ಅಲ್ಲೇ, ಅಲ್ಲೇ!” ಅಂತ ಕೂಗಿದರಂತೆ. ಆಮೇಲೆ ಅದನ್ನು ಮರೆತೇಬಿಟ್ಟಿದ್ದರು.

ತೊಡೆಸಂದಿಯ ವಾರ

ಮೊದಲ ಕೆಲವು ಗಂಟೆ ಕಾಲು ಮಡಚದೆ ಅಂಗಾತ ಮಲಗಬೇಕು. ಎಷ್ಟು ಹೊತ್ತು ಅನ್ನುವುದು ತೂತನ್ನು ಕೈಯಿಂದ ಒತ್ತಿ ನಿಲ್ಲಿಸಿದರೋ ಮುಚ್ಚುವ ಸಾಧನ ಹಾಕಿದರೋ ಅನ್ನುವುದರ ಮೇಲೆ ಹೋಗುತ್ತದೆ. ಎರಡು ಗಂಟೆಯೂ ಆಗಬಹುದು, ಆರೂ ಆಗಬಹುದು. ಬೇಸರದ ಕೆಲಸ. ಆದರೆ ಇದು ಕೈಯಲ್ಲಿ ರಕ್ತ ತೆಗೆಯುವ ಜಾಗದಂತಲ್ಲ. ಹೃದಯದ ಒತ್ತಡ ನೇರವಾಗಿ ಬಂದು ಬಡಿಯುವ ನಾಳ. ಕೆಮ್ಮು, ಸೀನು ಬಂದರೆ ಅಂಗೈಯಿಂದ ಆ ಜಾಗವನ್ನು ಒತ್ತಿ ಹಿಡಿದು ಕೆಮ್ಮಬೇಕು. ಮೊದಲ ಎರಡು ದಿನ ಮಲಬದ್ಧತೆ ಇದ್ದರೆ ತಿಣುಕುವುದೂ ಬೇಡ.

ಸಂಜೆ ಮನೆಗೆ ಕಳಿಸುತ್ತಾರೆ ಅನ್ನುವುದು ನಿಜ. ಹಾಗಂತ ಬೆಂಗಳೂರಿನಲ್ಲಿ ಮಾಡಿಸಿಕೊಂಡು ಅದೇ ರಾತ್ರಿ ಶಿವಮೊಗ್ಗಕ್ಕೆ ಬಸ್ಸು ಹತ್ತುವುದು ನನಗಂತೂ ಸರಿ ಕಾಣುವುದಿಲ್ಲ. ಕಾಲು ಮಡಚಿ ಐದಾರು ಗಂಟೆ ಕೂರುವುದು, ನಡುರಾತ್ರಿ ಆ ಜಾಗ ಊದಿದರೆ ಹತ್ತಿರ ಆಸ್ಪತ್ರೆ ಇಲ್ಲದಿರುವುದು, ಎರಡೂ ಬೇಡ. ಒಂದು ರಾತ್ರಿ ನೆಂಟರ ಮನೆಯಲ್ಲಿ ಇದ್ದು ಹೋಗಬಹುದು.

ಮನೆಯೊಳಗೆ ನಡೆಯಬಹುದು, ನಡೆಯಲೇಬೇಕು. ಭಾರ ಎತ್ತುವುದಕ್ಕೆ ಮಾತ್ರ ನಾಲ್ಕೈದು ದಿನದಿಂದ ಒಂದು ವಾರ ತಡೆ. ಐದು ಕೆಜಿ ಅಕ್ಕಿ ಚೀಲಕ್ಕಿಂತ ಜಾಸ್ತಿ ಯಾವುದೂ ಬೇಡ ಅಂದುಕೊಂಡರೆ ಲೆಕ್ಕ ಸುಲಭ. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಅಜ್ಜಿಯ ಮಡಿಲಿಗೆ ಹಾರುವ ಮೊಮ್ಮಗು, ಎಲ್ಲವೂ ಆ ಲೆಕ್ಕದ ಆಚೆಗೆ. ಮರುದಿನದಿಂದ ಮಗ್‌ನಲ್ಲಿ ನೀರು ಹೊಯ್ದುಕೊಂಡು ಸ್ನಾನ ಮಾಡಬಹುದು. ಕೆರೆ, ಹೊಳೆ, ಟಬ್ಬು, ಈಜುಕೊಳಕ್ಕೆ ಇಳಿಯುವುದು ಚರ್ಮ ಪೂರ್ತಿ ಕೂಡಿದ ಮೇಲೆ.

ಡೈ ಹೊರಗೆ ಹೋಗುವುದು ಮೂತ್ರದಲ್ಲಿ. ಅದಕ್ಕೇ ಚಿಕಿತ್ಸೆಗೆ ಮುಂಚೆ ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಆಮೇಲೆ ಚೆನ್ನಾಗಿ ನೀರು ಕುಡಿಯಿರಿ ಅನ್ನುವ ಮಾತು. ಹೃದಯದ ಕಾಯಿಲೆಗೆ ನೀರು ಕಡಿಮೆ ಕುಡಿಯಿರಿ ಅಂತ ಹೇಳಿಸಿಕೊಂಡವರು ಎಷ್ಟು ಕುಡಿಯಬೇಕು ಅಂತ ಕೇಳಿಯೇ ಕುಡಿಯಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರ ಕಿಡ್ನಿ ಸ್ವಲ್ಪ ಸೋತಿದ್ದರೆ ಅದನ್ನು ಎರಡು ದಿನ ನಿಲ್ಲಿಸಲು ಹೇಳಬಹುದು. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಸ್ವಂತ ಬುದ್ಧಿಯಿಂದ ಯಾವುದನ್ನೂ ನಿಲ್ಲಿಸಬಾರದು. ಹೃದಯದ ಡಾಕ್ಟರನ್ನೂ ಈ ಮಾತಿಗೆ ಸೇರಿಸಬೇಕು.

ತೂತಿನ ಸುತ್ತ ನೀಲಿ ಕಟ್ಟುವುದು, ಕಡಲೆಬೀಜದಷ್ಟು ಗಂಟು ಕೈಗೆ ಸಿಗುವುದು ಮಾಮೂಲು. ಗಂಟು ಬೆಳೆಯುತ್ತಾ ಹೋದರೆ, ರಕ್ತ ಜಿನುಗಿದರೆ, ಮಲಗಿ ಗಟ್ಟಿಯಾಗಿ ಒತ್ತಿ ಹಿಡಿದು ಬೇರೆಯವರಿಂದ ಫೋನ್ ಮಾಡಿಸಿ. ಪಾದ ತಣ್ಣಗಾದರೆ, ಬಿಳಿಚಿಕೊಂಡರೆ, ಜ್ವರ ಬಂದರೆ, ಮೀನಖಂಡ ಊದಿ ನೋಯತೊಡಗಿದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಮಂಡಿಯ ಮೇಲಿನ ಕಲೆ

ಐದನೇ ದಿನ ಎರಡನೇ ಫೋನ್ ಬಂತು. ಮಂಡಿಯ ಒಳಪಕ್ಕದಲ್ಲಿ ಅಂಗೈ ಅಗಲದ ಮಚ್ಚೆ. ಬಿಳಿ ಮೈಬಣ್ಣದವರಲ್ಲಿ ಇದು ಕೆನ್ನೇರಳೆಯಾಗಿ ಕಾಣುತ್ತದೆ, ನಮ್ಮ ಬಣ್ಣಕ್ಕೆ ಕಪ್ಪು ಕಂದು. ಜಿಎಇ ಆದವರಲ್ಲಿ ಜಾಸ್ತಿ ಕಾಣುವ ಅಡ್ಡ ಪರಿಣಾಮಗಳಲ್ಲಿ ಇದೊಂದು. ಮಂಡಿಯ ಪೊರೆಗೆ ಹೋಗುವ ನಾಳದಿಂದಲೇ ಚರ್ಮಕ್ಕೂ ಸಣ್ಣ ಕವಲು ಹೋಗಿರುತ್ತದೆ. ಒಂದಷ್ಟು ಕಣಗಳು ಆ ದಾರಿ ಹಿಡಿಯುತ್ತವೆ. ಚಿಕಿತ್ಸೆ ನಡೆಯುವಾಗ ಮಂಡಿ ಮೇಲೆ ಐಸ್ ಪ್ಯಾಕ್ ಇಡುವುದು ಇದಕ್ಕೇ. ತಣ್ಣಗಾದರೆ ಚರ್ಮದ ನಾಳಗಳು ಮುದುಡಿಕೊಳ್ಳುತ್ತವೆ, ಕಣ ಒಳಗೆ ನುಗ್ಗುವುದು ಕಡಿಮೆಯಾಗುತ್ತದೆ. ಆದರೂ ಕೆಲವರಿಗೆ ಕಲೆ ಬರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಮಾಸುತ್ತದೆ. ಅಲ್ಲಿ ಗುಳ್ಳೆ ಎದ್ದರೆ, ಚರ್ಮ ಒಡೆದು ಹುಣ್ಣಾದರೆ ತೋರಿಸಬೇಕು. ಅದು ಅಪರೂಪ. ಮಂಡಿ ಸುತ್ತ ಅಥವಾ ಅಂಗಾಲಿನಲ್ಲಿ ಜೋಮು ಹಿಡಿದಂತಾಗುವುದೂ ಕೆಲವರಿಗೆ ಉಂಟು, ಅದೂ ಸಾಮಾನ್ಯವಾಗಿ ಕಳೆಯುತ್ತದೆ.

ನಮ್ಮ ಮನೆಗಳ ನಿಜವಾದ ಅಪಾಯ ಇಲ್ಲಿದೆ. ಕಲೆ ಕಂಡ ಕೂಡಲೇ ಯಾರಾದರೂ ಒಬ್ಬರು ಎಣ್ಣೆ ಬಿಸಿ ಮಾಡಲು ಒಳಗೆ ಹೋಗುತ್ತಾರೆ. ಹರಳೆಣ್ಣೆ, ನೀಲಗಿರಿ ಎಣ್ಣೆ, ಉಪ್ಪಿನ ಶಾಖ, ಬಿಸಿನೀರಿನ ಚೀಲ. ಪ್ರೀತಿಯಿಂದಲೇ. ಆದರೆ ರಕ್ತ ಕಡಿಮೆ ಬರುತ್ತಿರುವ ಚರ್ಮ ಬಿಸಿಯನ್ನು ತಡೆಯುವುದಿಲ್ಲ. ಜೋಮು ಇದ್ದರೆ ಸುಡುತ್ತಿರುವುದು ಗೊತ್ತೂ ಆಗುವುದಿಲ್ಲ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಇನ್ನೂ ಕಷ್ಟ. ಕಲೆ ಮಾಯುವವರೆಗೆ ಶಾಖವೂ ಬೇಡ, ತಿಕ್ಕಿ ತಿಕ್ಕಿ ಮಾಲೀಶೂ ಬೇಡ. ತೊಡೆಸಂದಿಯ ಗಂಟನ್ನಂತೂ ತಿಕ್ಕಿ ಕರಗಿಸಲು ಯಾರಿಗೂ ಬಿಡಬೇಡಿ. ಕಲೆಯೇ ಇಲ್ಲದ ಮಂಡಿಗೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡುವುದು ಪರವಾಗಿಲ್ಲ.

ನೋವು ಇಳಿಯುವ ದಾರಿ ನೇರ ಅಲ್ಲ

ನೋವಿನ ವಿಷಯಕ್ಕೆ ಬರೋಣ. ಮೊದಲ ಮೂರು ನಾಲ್ಕು ದಿನ ಕೆಲವರಿಗೆ ನೋವು ಮುಂಚಿಗಿಂತ ಜಾಸ್ತಿಯೇ ಆಗುತ್ತದೆ. ಇದ್ದಕ್ಕಿದ್ದಂತೆ ರಕ್ತ ನಿಂತ ಪೊರೆ ಸುಮ್ಮನೆ ಇರುವುದಿಲ್ಲ, ಸ್ವಲ್ಪ ಕೆರಳುತ್ತದೆ. ಅದಕ್ಕೇ ನೋವಿನ ಮಾತ್ರೆ ಬರೆದು ಕೊಡುತ್ತಾರೆ. ಆ ಮಾತ್ರೆಗಳಲ್ಲಿ ಕಿಡ್ನಿಗೂ ಬಿಪಿಗೂ ಆಗದವೂ ಇವೆ. ಹಾಗಾಗಿ ಬರೆದುಕೊಟ್ಟ ದಿನ ಮುಗಿದ ಮೇಲೆ ಮೆಡಿಕಲ್ ಶಾಪ್‌ನಲ್ಲಿ ಅದೇ ಚೀಟಿ ತೋರಿಸಿ ಇನ್ನೊಂದು ಸ್ಟ್ರಿಪ್ ತರುವ ಅಭ್ಯಾಸ ಒಳ್ಳೆಯದಲ್ಲ.

ಎರಡನೇ ವಾರದ ಹೊತ್ತಿಗೆ ಬದಲಾವಣೆ ಶುರುವಾಗಬಹುದು. ದೊಡ್ಡಮ್ಮನಿಗೆ ಮೊದಲು ಬದಲಾದದ್ದು ರಾತ್ರಿ. ಮಗ್ಗುಲು ಬದಲಿಸುವಾಗ ಎಚ್ಚರವಾಗುವುದು ನಿಂತಿತು. ಆಮೇಲೆ ಬೆಳಗ್ಗೆ ಎದ್ದಾಗ ಕಾಲು ಹಿಡಿದುಕೊಳ್ಳುವ ಹೊತ್ತು ಕಡಿಮೆಯಾಯಿತು. ಮೆಟ್ಟಿಲು ಇಳಿಯುವಾಗಿನ ನೋವು ಕೊನೆಗೆ ಉಳಿಯಿತು. ಎಲ್ಲರಿಗೂ ಇದೇ ಕ್ರಮ ಅಂತ ನಾನು ಹೇಳುವುದಿಲ್ಲ. ಆದರೆ ಉರಿಯೂತದ ನೋವು ಮತ್ತು ಭಾರ ಬಿದ್ದಾಗಿನ ನೋವು ಬೇರೆ ಬೇರೆ ಅಂತ ತಿಳಿದಿದ್ದರೆ ಈ ಕ್ರಮ ಆಶ್ಚರ್ಯ ತರುವುದಿಲ್ಲ. ನಾಳ ಮುಚ್ಚಿದರೆ ಮೊದಲನೆಯದು ಇಳಿಯಬೇಕು. ಎರಡನೆಯದಕ್ಕೆ ಬೇರೆ ಕೆಲಸ ಇದೆ.

ಒಂದು ಸಣ್ಣ ಉಪಾಯ ನಮಗೆ ತುಂಬಾ ನೆರವಾಯ್ತು. ಗೋಡೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುತ್ತಾರಲ್ಲ, ಅದರ ಪಕ್ಕದಲ್ಲೇ ದಿನಾ ರಾತ್ರಿ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ. ಆಸ್ಪತ್ರೆಯಲ್ಲೂ ಇದನ್ನೇ ಕೇಳುತ್ತಾರೆ. ದಿನದಿನದ ಅಂಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಮದುವೆಗೆ ಹೋಗಿ ಬಂದ ದಿನ ಎಂಟು, ಮಳೆ ಹಿಡಿದು ಮನೆಯಲ್ಲೇ ಕೂತ ದಿನ ನಾಲ್ಕು. ವಾರದ ಮೊತ್ತ ಹಾಕಿ ಹಿಂದಿನ ವಾರದ್ದಕ್ಕೆ ಹೋಲಿಸಿದಾಗ ಮಾತ್ರ ಇಳಿಜಾರು ಕಾಣುತ್ತದೆ. ಆರನೇ ವಾರಕ್ಕೆ ಮುಂಚೆ ತೀರ್ಪು ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. ಮೂರು ತಿಂಗಳಾದರೂ ಏನೂ ಇಳಿಯದಿದ್ದರೆ ಇದು ಆ ಮಂಡಿಗೆ ಹಿಡಿಸಲಿಲ್ಲ ಅಂತಲೇ ಅರ್ಥ.

ಹಿಡಿಸದವರೂ ಇದ್ದಾರೆ, ಅದನ್ನು ಮುಚ್ಚಿಡಬಾರದು. ಎಕ್ಸ್‌ರೇ ನೋಡಿ ಸವೆತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಕೊಡುತ್ತಾರೆ, 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಮಾಡಿದ ಪಟ್ಟಿ ಅದು. ಮೂಳೆಗೆ ಮೂಳೆ ತಾಗಿದ ನಾಲ್ಕನೇ ದರ್ಜೆಯವರಿಗಿಂತ ಕಡಿಮೆ, ನಡುಮಟ್ಟದ ಸವೆತದವರಿಗೆ ಜಿಎಇ ಫಲ ಚೆನ್ನಾಗಿ ಉಳಿಯುತ್ತದೆ. ಇನ್ನೊಂದು ಮಾತೂ ಇದೆ. ಒಕುನೊ ಅವರ ಮೊದಲ ವರದಿಗಳಲ್ಲಿ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಬರೀ ಹಾಗೆ ನಟಿಸಿದ ಚಿಕಿತ್ಸೆ ಕೊಟ್ಟು ನೋಡಿದಾಗ ಎರಡೂ ಗುಂಪಿನವರ ನೋವು ಇಳಿಯಿತು, ನಡುವಿನ ಅಂತರ ದೊಡ್ಡದಾಗಿರಲಿಲ್ಲ. ಮಂಡಿನೋವು ತಾನಾಗಿಯೂ ಏರಿಳಿಯುವಂಥದ್ದು, ತೀರಾ ಏರಿದಾಗಲೇ ನಾವು ಆಸ್ಪತ್ರೆಗೆ ಓಡುವುದು. ಏರಿದ್ದು ಹೇಗೂ ಒಂದಷ್ಟು ಇಳಿಯಬೇಕಿತ್ತು. ಹಾಗಾಗಿ ಯಾರಾದರೂ ಇದನ್ನು ಶೇಕಡಾ ನೂರು ಗ್ಯಾರಂಟಿ ಅಂದರೆ ಎದ್ದು ಬನ್ನಿ.

ಇದರ ಜೊತೆ ಗೊಂದಲ ಮಾಡಿಕೊಳ್ಳುವ ಇನ್ನೊಂದು ಚಿಕಿತ್ಸೆ ಇದೆ. ಎದುರುಮನೆಯವರು “ನಮ್ಮ ಯಜಮಾನರಿಗೂ ಅದೇ ಮಾಡಿದ್ದು, ಅವರಿಗೆ ವಾರದಲ್ಲೇ ವಾಸಿಯಾಯ್ತು” ಅಂದರು. ಕೇಳಿ ನೋಡಿದರೆ ಅವರಿಗೆ ಆದದ್ದು ರೇಡಿಯೋಫ್ರೀಕ್ವೆನ್ಸಿ. ಅಲ್ಲಿ ಕೆಣಕುವುದು ರಕ್ತನಾಳವನ್ನಲ್ಲ, ಮಂಡಿಯ ನೋವನ್ನು ಮಿದುಳಿಗೆ ಸಾಗಿಸುವ ಸಣ್ಣ ನರಗಳನ್ನು. ಮೊದಲು ಮರಗಟ್ಟುವ ಔಷಧಿ ಹಾಕಿ ನೋವು ಇಳಿಯುತ್ತದಾ ನೋಡುತ್ತಾರೆ. ಇಳಿದರೆ ಇನ್ನೊಂದು ದಿನ ಸೂಜಿ ಚುಚ್ಚಿ ಅದರ ತುದಿಯ ಬಿಸಿಯಿಂದ ಆ ನರಗಳನ್ನು ಸುಡುತ್ತಾರೆ. ಸಾಮಾನ್ಯವಾಗಿ ಮೂರು ಕಡೆ. ಮಂಡಿಯ ಕೆಳಗಿನ ಹೊರಪಕ್ಕವನ್ನು ಬಿಡುತ್ತಾರೆ, ಅಲ್ಲಿ ಪಾದ ಎತ್ತುವ ನರ ಹತ್ತಿರ ಹಾದುಹೋಗುತ್ತದೆ. ಇದರ ಚೇತರಿಕೆಯ ಲೆಕ್ಕವೇ ಬೇರೆ. ತೊಡೆಸಂದಿಯ ಗೊಡವೆ ಇಲ್ಲ, ಡೈ ಇಲ್ಲ. ಚುಚ್ಚಿದ ಜಾಗ ಒಂದೆರಡು ವಾರ ಉರಿಯಬಹುದು. ನರಗಳು ಮತ್ತೆ ಬೆಳೆಯುವುದರಿಂದ ಆರು ತಿಂಗಳು, ವರ್ಷದ ಮೇಲೆ ನೋವು ವಾಪಸ್ ಬರಬಹುದು. ಹಾಗಾಗಿ ಅವರ ಯಜಮಾನರ ವಾರವನ್ನು ನಮ್ಮ ದೊಡ್ಡಮ್ಮನ ವಾರಕ್ಕೆ ಹೋಲಿಸಿ ಫಲವಿಲ್ಲ.

ತೊಡೆಯ ಸ್ನಾಯು

ಇಷ್ಟೆಲ್ಲ ಹೇಳಿದ್ದು ಇಲ್ಲಿಗೆ ಬರುವುದಕ್ಕೇ. ಊದಿದ ಮಂಡಿ ತೊಡೆಯ ಮುಂಭಾಗದ ಸ್ನಾಯುವಿಗೆ “ಸುಮ್ನಿರು” ಅನ್ನುವ ಸಂಕೇತ ಕಳಿಸುತ್ತದೆ. ಕಾಪಾಡಿಕೊಳ್ಳಲು ದೇಹ ಮಾಡಿಕೊಂಡ ಉಪಾಯ ಅದು. ತಿಂಗಳುಗಳು, ವರ್ಷಗಳು ಹೀಗೇ ಹೋದರೆ ಆ ಸ್ನಾಯು ಸೊರಗುತ್ತದೆ. ಸೊರಗಿದ ಮೇಲೆ ಹೆಜ್ಜೆಯ ಪೆಟ್ಟನ್ನು ತಡೆಯುವವರಿಲ್ಲ, ಎಲ್ಲ ಮಂಡಿಯ ಮೇಲೆಯೇ. ದೊಡ್ಡಮ್ಮನ ಎರಡು ತೊಡೆಗೂ ಫಿಸಿಯೋಥೆರಪಿಸ್ಟ್ ಟೇಪು ಹಿಡಿದು ಅಳೆದರು. ನೋಯುವ ಕಾಲಿನದು ಎರಡು ಸೆಂಟಿಮೀಟರ್ ಕಡಿಮೆ ಇತ್ತು. ನಾಳ ಮುಚ್ಚಿದ್ದರಿಂದ ಆ ಎರಡು ಸೆಂಟಿಮೀಟರ್ ವಾಪಸ್ ಬರುವುದಿಲ್ಲ.

ಹಾಗಾದರೆ ನೋವು ಇಳಿದದ್ದರ ಲಾಭ ಏನು? ವ್ಯಾಯಾಮ ಮಾಡಲು ಸಿಕ್ಕ ಬಿಡುವು. ಮುಂಚೆ ಕಾಲು ಎತ್ತಿದರೆ ಸಾಕು ಅಳು ಬರುತ್ತಿತ್ತು, ಈಗ ಎತ್ತಬಹುದು. ಈ ಬಿಡುವನ್ನು ಬರೀ ವಿಶ್ರಾಂತಿಯಲ್ಲಿ ಕಳೆದರೆ ಚಿಕಿತ್ಸೆಯ ಅರ್ಧ ಹಣ ನೀರಿಗೆ ಹಾಕಿದಂತೆ.

ಶುರು ಮಾಡುವುದು ಹಾಸಿಗೆಯಲ್ಲೇ. ಮೊದಲ ದಿನದಿಂದಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು. ತೊಡೆಸಂದಿ ಕೂಡಿದ ಮೇಲೆ, ಡಾಕ್ಟರ್ ಹೂಂ ಅಂದ ಮೇಲೆ, ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವುದು. ಆಮೇಲೆ ಮಂಡಿ ಮಡಚದೆ ಕಾಲನ್ನು ಒಂದು ಅಡಿ ಎತ್ತಿ ಹಿಡಿಯುವುದು. ಉಸಿರು ಬಿಗಿಹಿಡಿಯಬಾರದು, ಬಾಯಿಬಿಟ್ಟು ಎಣಿಸಿದರೆ ಉಸಿರು ತಾನೇ ಆಡುತ್ತದೆ. ದೊಡ್ಡಮ್ಮ ಎಣಿಸುವ ಬದಲು ಮೊಮ್ಮಗನಿಂದ ಮಗ್ಗಿ ಹೇಳಿಸಿಕೊಳ್ಳುತ್ತಿದ್ದರು. ಅವನ ಎಂಟರ ಮಗ್ಗಿ ಆ ತಿಂಗಳೇ ಸರಿಹೋದದ್ದು.

ಮೂರನೇ ನಾಲ್ಕನೇ ವಾರದಿಂದ ಕುರ್ಚಿಯ ಸರದಿ. ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ಕೂರುವುದು. ಧೊಪ್ಪೆಂದು ಕೂರುವವರೇ ಜಾಸ್ತಿ. ನಿಧಾನವಾಗಿ ಕೂರುವಾಗಲೇ ತೊಡೆಗೆ ನಿಜವಾದ ಕೆಲಸ. ಹತ್ತು ಸಲ ಆಗದಿದ್ದರೆ ನಾಲ್ಕು ಸಲ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಇದ್ದರೆ ಹೆದರುವುದು ಬೇಡ. ಮರುದಿನ ಬೆಳಗ್ಗೆ ಮಂಡಿ ಊದಿದ್ದರೆ, ಹಿಂದಿನ ದಿನಕ್ಕಿಂತ ಜಾಸ್ತಿ ನೋಯುತ್ತಿದ್ದರೆ ನಿನ್ನೆ ಅತಿಯಾಯ್ತು ಅಂತ. ಒಂದು ದಿನ ಕಡಿಮೆ ಮಾಡಿ ಮತ್ತೆ ಮುಂದುವರಿಸಿದರೆ ಆಯ್ತು.

ನಡಿಗೆಗೆ ಕೋಲು ಹಿಡಿಯಲು ನಾಚಿಕೆ ಬೇಡ. ಹಿಡಿಯುವುದು ನೋಯದ ಕಡೆಯ ಕೈಯಲ್ಲಿ. ಬಲಗಾಲು ನೋವಾದರೆ ಎಡಗೈಯಲ್ಲಿ ಕೋಲು, ಎರಡೂ ಒಟ್ಟಿಗೆ ನೆಲಕ್ಕೆ ತಾಗಬೇಕು. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೆಟ್ಟಿಲಿಗೂ ಒಂದು ನಿಯಮ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಭಾರ. ಕೃತಕ ಮಂಡಿಯೊಳಗೆ ಅಳೆಯುವ ಸಾಧನ ಇಟ್ಟು ನೋಡಿದ್ದಾರೆ. ಇಳಿಯುವ ಪ್ರತಿ ಹೆಜ್ಜೆಗೂ ಮೈತೂಕದ ಮೂರು ಪಟ್ಟಿಗಿಂತ ಜಾಸ್ತಿ ಹೊರೆ ಬೀಳುತ್ತದೆ.

ಮೈತೂಕ ಅಂದಾಗ ನೆನಪಾಯ್ತು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ ನನಗೆ ತುಂಬಾ ಇಷ್ಟ. ಒಂದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ನಾಲ್ಕು ಕೆಜಿ ಇಳಿಯುತ್ತದೆ. ಐದು ಕೆಜಿ ಇಳಿಸಿದವರು ಹೆಜ್ಜೆಗೆ ಇಪ್ಪತ್ತು ಕೆಜಿ ಇಳಿಸಿದಂತೆ. ದಿನಕ್ಕೆ ಎಷ್ಟು ಹೆಜ್ಜೆ ಅಂತ ನೀವೇ ಗುಣಿಸಿಕೊಳ್ಳಿ.

ಇನ್ನು ನೆಲದ ವಿಷಯ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಿನಲ್ಲಿ ಕೂತು ಪಾತ್ರೆ ತಿಕ್ಕುವುದು, ರಂಗೋಲಿ ಬಿಡುವುದು, ಇಂಡಿಯನ್ ಟಾಯ್ಲೆಟ್. ನೋವು ಹೋದರೆ ಇವೆಲ್ಲ ವಾಪಸ್ ಬರುತ್ತವಾ? ಮಂಡಿ ಪೂರ್ತಿ ಮಡಚುವುದಕ್ಕೆ ಜಿಎಇ ಅಡ್ಡಿ ಮಾಡುವುದಿಲ್ಲ, ಒಳಗೆ ಲೋಹ ಇಟ್ಟಿಲ್ಲವಲ್ಲ. ಆದರೆ ಸವೆದ ಮೆತ್ತೆ ಹಾಗೇ ಇದೆ. ಬಿಲ್ಲಿನಂತೆ ಬಾಗಿದ ಕಾಲು ನೇರವಾಗಿಲ್ಲ. ನೋವು ಅನ್ನುವ ಕಾವಲುಗಾರ ಮಾತ್ರ ಸ್ವಲ್ಪ ತೂಕಡಿಸುತ್ತಿದ್ದಾನೆ. ಕೆಲವು ದಿನ ಕಮೋಡ್ ಅಥವಾ ಕಮೋಡ್ ಕುರ್ಚಿ ಬಳಸಿ, ದೇವರ ಮನೆಯಲ್ಲಿ ಮಣೆ ಬದಲು ಸ್ಟೂಲು ಹಾಕಿ. ರಂಗೋಲಿಯನ್ನು ದೊಡ್ಡಮ್ಮ ಬಿಡಲಿಲ್ಲ. ಈಗ ಗಿಡ್ಡ ಸ್ಟೂಲಿನ ಮೇಲೆ ಕೂತು ಬಿಡುತ್ತಾರೆ, ಎಳೆಗಳು ಮುಂಚಿಗಿಂತ ಕಡಿಮೆ.

ಮಂಡಿ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡು ಮಡಚಲೂ ನೀಡಲೂ ಆಗದಿದ್ದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕುಸಿದರೆ ಅದು ಬೇರೆ ತೊಂದರೆ, ಮೂಳೆ ಡಾಕ್ಟರಿಗೆ ತೋರಿಸಬೇಕು. ಮುಂದೊಂದು ದಿನ ಮಂಡಿ ಬದಲಿಸುವುದೇ ಆದರೆ ಜಿಎಇ ಆಗಿದೆ ಅನ್ನುವ ಕಾರಣಕ್ಕೆ ಆ ಬಾಗಿಲು ಮುಚ್ಚುವುದಿಲ್ಲ.

ಮೂರು ತಿಂಗಳು ತುಂಬಿದ ದಿನ ಕ್ಯಾಲೆಂಡರ್ ನೋಡಿದೆವು. ಮೊದಲ ವಾರ ದಿನಕ್ಕೆ ಏಳು ಎಂಟು ಇದ್ದ ಅಂಕಿ ಮೂರು ನಾಲ್ಕಕ್ಕೆ ಬಂದಿತ್ತು. ತೊಡೆ ಅಳತೆ ಒಂದು ಸೆಂಟಿಮೀಟರ್ ಏರಿತ್ತು. ದೊಡ್ಡಮ್ಮ ಇನ್ನೊಂದು ಮಂಡಿಯನ್ನು ತೋರಿಸಿ “ಇದಕ್ಕೂ ಮಾಡಿಸಿಬಿಡ್ಲಾ?” ಅಂತ ಡಾಕ್ಟರನ್ನು ಕೇಳಿದರು. “ಬಾಕಿ ಇರೋ ಒಂದು ಸೆಂಟಿಮೀಟರ್ ಮೊದಲು ತನ್ನಿ” ಅಂದರು ಅವರು. ಮಗ್ಗಿ ಈಗ ಹನ್ನೆರಡರದ್ದು ನಡೆಯುತ್ತಿದೆ.